ಅಣ್ಣ ಹಾಡ್ತಾನೆ ಸರಿ, ಹಾಳೇಲಿ ನಿನ್ ಹೆಸರಿದ್ಯಾ?

ಹಾಸನದ ಕಡೆ ಹುಡುಗನೊಬ್ಬ ರ‍್ಯಾಪ್ ಶುರು ಮಾಡಿದ್ರೆ ಸಾಕು, "ಚಂದನ್ ಶೆಟ್ಟಿ ನಿಮಗೇನಾಗ್ಬೇಕು?" ಅಂತಾರೆ. ನಮ್ಮ ಜಿಲ್ಲೆಯವರು, ಬಿಗ್ ಬಾಸ್ ಗೆದ್ದವರು, ಕೇಳೋದು ಸಹಜ. ಆದ್ರೆ ಮನೇಲೇ ಹೆಸರುವಾಸಿ ಅಣ್ಣನೋ ನಂಟನೋ ಇರೋನನ್ನ "ಅವರ ಹೆಸರಲ್ಲಿ ಬಂದೋನು" ಅಂತ ಮೂಗು ಮುರಿಯೋದಿದ್ಯಲ್ಲ, ಅದು ನಂಗೆ ಒಪ್ಪಿಗೆ ಇಲ್ಲ. ನಂಟಸ್ತನ ತಪ್ಪಲ್ಲ ಕಣ್ರೀ. ಹಾಡಲ್ಲಿ ಯಾರ ಪಾಲು ಎಷ್ಟು ಅಂತ ಲೆಕ್ಕ ಬರೆದಿಡದೇ ಇರೋದು ತಪ್ಪು.

ಅಮೆರಿಕದ ರ‍್ಯಾಪರ್ ವಾರೆನ್ ಜಿ ನೋಡಿ. ಅಲ್ಲಿನ ಹೆಸರಾಂತ ರ‍್ಯಾಪ್ ನಿರ್ಮಾಪಕ ಡಾಕ್ಟರ್ ಡ್ರೆಗೆ ಮಲತಮ್ಮ. ಸ್ನೂಪ್ ಡಾಗ್, ನೇಟ್ ಡಾಗ್ ಜೊತೆ 213 ಅಂತ ತಂಡ ಕಟ್ಟಿದ್ದ, ಸ್ನೂಪ್‌ನನ್ನ ಡ್ರೆಗೆ ಪರಿಚಯಿಸಿದ್ದೂ ಇವನೇ. ಆದ್ರೂ ಅಣ್ಣನ ಡೆತ್ ರೋ ರೆಕಾರ್ಡ್ ಕಂಪನಿಗೆ ಸಹಿ ಹಾಕ್ಲಿಲ್ಲ, ಬೇರೆ ಕಂಪನಿ ಡೆಫ್ ಜ್ಯಾಮ್‌ಗೆ ಹೋದ. 1994ರಲ್ಲಿ ಅವನ 'ರೆಗ್ಯುಲೇಟ್' ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿ ಬಿಲ್‌ಬೋರ್ಡ್ ಹಾಟ್ 100ರಲ್ಲಿ ಎರಡನೇ ಸ್ಥಾನ ಮುಟ್ಟಿತು. ಸಕಲೇಶಪುರದ ತೋಟದವರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ: ಕಾಫಿಗೆ ನೆರಳು ಬೇಕು, ಮರಗಸಿ (ನೆರಳು ಮರದ ಕೊಂಬೆ ಸವರೋದು) ಮಾಡದೆ ಬಿಟ್ರೆ ಅದೇ ನೆರಳಿಗೆ ಗಿಡ ಹೂವೇ ಕಟ್ಟಲ್ಲ.

ಅಮೆರಿಕದ ರ‍್ಯಾಪರ್‌ಗಳು ಬೇಬಿ ಕೀಮ್, ಕೆಂಡ್ರಿಕ್ ಲಮಾರ್ ಕಸಿನ್‌ಗಳು, ಕೆಂಡ್ರಿಕ್ ದೊಡ್ಡೋನು. ಇಬ್ಬರ 'ಫ್ಯಾಮಿಲಿ ಟೈಸ್'ಗೆ 2022ರಲ್ಲಿ ಗ್ರ್ಯಾಮಿ ಬಂತು. ಹಾಡು ಕೇಳಿ: ಮೊದಲು ಕೀಮ್, ಬೀಟ್ (ಹಿನ್ನೆಲೆ ಸಂಗೀತ) ಬದಲಾದ ಮೇಲೇ ಕೆಂಡ್ರಿಕ್. ದೊಡ್ಡೋನಿಗೆ ಕಾಯ್ತಾ ಕೂತೋರು ಚಿಕ್ಕೋನನ್ನ ಪೂರ್ತಿ ಕೇಳಲೇಬೇಕು. ನಮ್ಮೋರು ಉಲ್ಟಾ ಮಾಡ್ತಾರೆ. 90 ಬಿಪಿಎಂನಲ್ಲಿ (ನಿಮಿಷಕ್ಕೆ 90 ತಾಳದ ಪೆಟ್ಟು) 16 ಬಾರ್, ಅಂದ್ರೆ ನಾಲ್ಕು ಪೆಟ್ಟಿನ 16 ಆವರ್ತ, ಸುಮಾರು 43 ಸೆಕೆಂಡ್. ಅಣ್ಣನ 16 ಬಾರ್, ಒಂದು ಹುಕ್ (ಪಲ್ಲವಿ), ಆಮೇಲೆ ತಮ್ಮ. ಅಷ್ಟೊತ್ತಿಗೆ ಕೇಳುಗ ಮುಂದಿನ ರೀಲ್‌ಗೆ ಹೋಗಾಯ್ತು.

ಅಪ್‌ಲೋಡ್ ಮಾಡುವಾಗಲೂ ಎಡವೋದು ಇಲ್ಲೇ. ನಿಮ್ಮನ್ನ ಬರೀ 'ಫೀಚರಿಂಗ್' ಅಂತ ಹಾಕಿದ್ರೆ ಸ್ಪಾಟಿಫೈನಲ್ಲಿ ಆ ಹಾಡು ನಿಮ್ಮ ಪುಟದ ಕೆಳಗಡೆ ಎಲ್ಲೋ ಬಿದ್ದಿರುತ್ತೆ. ಇಬ್ಬರನ್ನೂ ಮುಖ್ಯ ಕಲಾವಿದರು ಅಂತಲೇ ಹಾಕ್ಸಿ. ಹೆಸರಿನ ಸ್ಪೆಲ್ಲಿಂಗ್ ಒಂದೇ ಇರಲಿ, ಒಂದಕ್ಷರ ಆಚೀಚೆ ಆದ್ರೆ ಎರಡು ಪ್ರೊಫೈಲ್ ಹುಟ್ಟಿಕೊಳ್ಳುತ್ತೆ. ಬೀಟ್ ಲೀಸ್‌ಗೆ ತಗೊಂಡಿದ್ರೆ ಯೂಟ್ಯೂಬ್‌ನ ಕಂಟೆಂಟ್ ಐಡಿಗೆ (ಯಾರ ಹಾಡು ಅಂತ ತಾನೇ ಪತ್ತೆ ಹಚ್ಚೋ ವ್ಯವಸ್ಥೆ) ಕೊಡಬೇಡಿ. ಅದೇ ಬೀಟು ಇನ್ನೂ ಹತ್ತು ಜನರ ಹತ್ರ ಇರುತ್ತೆ, ಕ್ಲೇಮ್ ಜಗಳ ಗ್ಯಾರಂಟಿ.

ಇನ್ನು ದುಡ್ಡು. 2012ರ ಕಾಪಿರೈಟ್ ತಿದ್ದುಪಡಿ ಪ್ರಕಾರ ಸಾಹಿತ್ಯ ಬರೆದವನು, ರಾಗ ಹಾಕಿದವನು ತನ್ನ ರಾಯಲ್ಟಿ ಹಕ್ಕನ್ನ ವಾರಸುದಾರರಿಗೋ ಕಾಪಿರೈಟ್ ಸೊಸೈಟಿಗೋ ಬಿಟ್ಟು ಬೇರೆಯವರಿಗೆ ಬಿಟ್ಟುಕೊಡೋ ಹಾಗೇ ಇಲ್ಲ. ಅಣ್ಣನ ಕಂಪನಿಗೂ ಇಲ್ಲ! ಆದ್ರೆ ಯಾವ ಸಾಲು ಯಾರದು ಅಂತ ಗೊತ್ತಾಗೋದು ಸ್ಪ್ಲಿಟ್ ಶೀಟ್, ಅಂದ್ರೆ ಯಾರ ಪಾಲು ಎಷ್ಟು ಅಂತ ಬರೆದ ಹಾಳೆ, ಇದ್ರೆ ಮಾತ್ರ. ಆಮೇಲೆ ಮದುವೆ ಮನೇಲಿ ಕೂತು "ಅಣ್ಣಾ, ನನ್ನ ಪಾಲು?" ಅಂತ ಕೇಳೋಕಾಗುತ್ತಾ? ರೆಕಾರ್ಡಿಂಗ್ ಮುಗಿದ ದಿನವೇ ಒಂದು ಹಾಳೆ ತಗೊಳ್ಳಿ. ಹಾಡಿನ ಹೆಸರು, ಸಾಹಿತ್ಯ ಯಾರು ಎಷ್ಟು, ಬೀಟ್ ಯಾರದು, ಹುಕ್ ಯಾರದು, ಒಟ್ಟು ಕೂಡಿದ್ರೆ 100 ಬರಬೇಕು. ಕೆಳಗೆ ತಾರೀಖು, ಎಲ್ಲರ ಸಹಿ. ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಎಲ್ಲರಿಗೂ ಕಳಿಸಿ, ಆಮೇಲೆ ರಾಯಲ್ಟಿ ವಸೂಲಿ ಮಾಡೋ ಕಾಪಿರೈಟ್ ಸೊಸೈಟಿ ಐಪಿಆರ್‌ಎಸ್‌ನಲ್ಲಿ ಅದೇ ಲೆಕ್ಕ ನಮೂದಿಸಿ.