ಎಣ್ಣೆಗೆಂಪು ಶೇಡ್ ಇದೆಯೇನಮ್ಮ?

"ಇನ್ನೊಂದು ಶೇಡ್ ಲೈಟ್ ತಗೊಳ್ಳಿ ಮೇಡಂ, ಬ್ರೈಟಾಗಿ ಕಾಣ್ತೀರ."

ಮಾಲಿಗೇ ಹೋಗಿ, ಬಸ್‌ಸ್ಟ್ಯಾಂಡ್ ಪಕ್ಕದ ಫ್ಯಾನ್ಸಿ ಸ್ಟೋರಿಗೇ ಹೋಗಿ, ಮೈಬಣ್ಣಕ್ಕೆ ಹೊಂದಿಸಿ ಮುಖಕ್ಕೆ ಹಚ್ಚುವ ಫೌಂಡೇಶನ್ ಕೇಳಿದ ಕಪ್ಪು ಮೈಬಣ್ಣದವರಿಗೆ ಈ ಮಾತು ಬಿಟ್ಟಿಯಾಗಿ ಸಿಗುತ್ತದೆ. ಚಪ್ಪಲಿ ಅಂಗಡಿಯಲ್ಲಿ ಏಳನೇ ನಂಬರಿನ ಕಾಲು ನೋಡಿ "ಐದು ಹಾಕ್ಕೊಳ್ಳಿ, ಕಾಲು ಚಿಕ್ಕದಾಗಿ ಕಾಣುತ್ತೆ" ಅನ್ನುವವರು ಇನ್ನೂ ಹುಟ್ಟಿಲ್ಲ. ಮುಖದ ವಿಷಯಕ್ಕೆ ಬಂದಾಗ ಮಾತ್ರ ಅಳತೆ ತಪ್ಪಿಸುವುದೇ ಸೇವೆ.

ಆ ಸೇವೆಗೆ ಒಂದು ಕ್ರಮವಿದೆ. ಮೊದಲು ಸೇಲ್ಸ್ ಹುಡುಗಿ ಮುಖ ನೋಡುತ್ತಾಳೆ. ಹಚ್ಚಿ ನೋಡಲು ಇಟ್ಟ ಟೆಸ್ಟರ್ ಬಾಟಲಿಗಳ ಸಾಲಿನಲ್ಲಿ ಗಾಢ ಬಣ್ಣಗಳಿರುವ ಬಲತುದಿಗೆ ಹೋಗಬೇಕಾದ ಅವಳ ಕೈ ನಡುಮಧ್ಯೆ ಬಂದು ನಿಲ್ಲುತ್ತದೆ. ಗಾಢ ಬಣ್ಣ ಎತ್ತಿಕೊಂಡರೆ ಗಿರಾಕಿ ನೊಂದುಕೊಂಡಾರು ಅನ್ನುವ ದಾಕ್ಷಿಣ್ಯ. ಮೂತಿಯ ಸುತ್ತ ಒಣಗಿ ಹೊಪ್ಪಳೆಗಟ್ಟಿದ ಟೆಸ್ಟರ್ ಒತ್ತಿ, ಒಂದು ಬೊಟ್ಟನ್ನು ಮುಂಗೈ ಮೇಲೆ ಇಡುತ್ತಾಳೆ. ಮುಂಗೈಗೂ ಮುಖಕ್ಕೂ ಬಣ್ಣದಲ್ಲಿ ಯಾವ ಸಂಬಂಧವೂ ಇಲ್ಲ. ಅದರ ಬಿಸಿಲು ಬೇರೆ, ಅದರ ಪಾತ್ರೆ ಸೋಪು ಬೇರೆ. ಆಮೇಲೆ ಬೆರಳಿನಿಂದ ಉಜ್ಜುತ್ತಾಳೆ, ಉಜ್ಜುತ್ತಾಳೆ, ಉಜ್ಜುತ್ತಲೇ ಇರುತ್ತಾಳೆ. ಅರ್ಧ ಅವಳ ಬೆರಳಿಗೆ ಹೋಗಿ, ಕಾಲುಭಾಗ ಚರ್ಮದ ಗೆರೆಗಳಲ್ಲಿ ಅಡಗಿದ ಮೇಲೆ, "ನೋಡಿ, ಎಷ್ಟು ಚೆನ್ನಾಗಿ ಮರ್ಜ್ ಆಯ್ತು!" ತಲೆಯ ಮೇಲೆ ಹಳದಿ ಸ್ಪಾಟ್‌ಲೈಟು. ಅದರ ಕೆಳಗೆ ಬದನೆಕಾಯಿ ಇಟ್ಟರೂ ಬಂಗಾರದ ಬಣ್ಣವೇ.

ಬಲತುದಿಯದು ಬೇಕು ಅಂತ ನೀವೇ ಬಾಯಿಬಿಟ್ಟು ಕೇಳಿದಿರಿ ಅನ್ನಿ. "ಅದು ಸ್ಟಾಕ್ ಬರಲ್ಲ ಮೇಡಂ, ಮೂವ್ ಆಗಲ್ಲ." ಬರದೇ ಇರುವುದು ಮೂವ್ ಆಗುವುದು ಹೇಗೆ? ಬಸ್ಸೇ ಬಿಡದ ಊರಿಗೆ ಪ್ರಯಾಣಿಕರಿಲ್ಲ ಅಂದ ಹಾಗಾಯಿತು. 2017ರಲ್ಲಿ ಗಾಯಕಿ ರಿಹಾನಾ ಅವರ ಫೆಂಟಿ ಬ್ಯೂಟಿ ಕಂಪನಿ ಫೌಂಡೇಶನ್ನಿನ 40 ಶೇಡ್ ಒಂದೇ ಸಲಕ್ಕೆ ತಂದಿತು. 2020ರಲ್ಲಿ ಫೇರ್ ಅಂಡ್ ಲವ್ಲಿ ಟ್ಯೂಬಿನ ಮೇಲಿದ್ದ ಫೇರ್ ಹೋಗಿ ಗ್ಲೋ ಬಂತು. ಕೌಂಟರಿನ ನಾಲಿಗೆಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಇನ್ನು ಹೆಸರುಗಳು. ಬಿಳಿ ತುದಿಯವರಿಗೆ ಪೋರ್ಸೆಲೇನ್, ಐವರಿ, ಪರ್ಲ್. ನಮ್ಮ ಕಡೆ ಬಂದಂತೆ ಹನಿ, ಕ್ಯಾರಮೆಲ್, ಆಲ್ಮಂಡ್, ಮೋಕಾ, ಎಸ್ಪ್ರೆಸೊ. ಅವರದು ಷೋಕೇಸು, ನಮ್ಮದು ದರ್ಶಿನಿ. ಒಂದು ಕಂಪನಿಯ ಹನಿ ಇನ್ನೊಂದು ಕಂಪನಿಯ ಹನಿಗೆ ದಾಯಾದಿಯೂ ಅಲ್ಲ. ನಂಬರ್ ನೋಡೋಣ ಅಂದರೆ ಮ್ಯಾಕ್‌ನಲ್ಲಿ ಎನ್‌ಸಿ ಎಂದರೆ ನ್ಯೂಟ್ರಲ್ ಕೂಲ್. ಆದರೆ ಅದು ಹಳದಿ, ಬಂಗಾರದ ಛಾಯೆಯವರಿಗೆ. ಎನ್‌ಡಬ್ಲ್ಯೂ ಎಂದರೆ ನ್ಯೂಟ್ರಲ್ ವಾರ್ಮ್. ಅದು ಗುಲಾಬಿ ಕಡೆಯವರಿಗೆ. ಮಿಕ್ಕ ಕಂಪನಿಗಳಲ್ಲಿ ಸಾಮಾನ್ಯವಾಗಿ ಇದರ ಉಲ್ಟಾ. ಒಂದು ಕಡೆಯ ನಂಬರನ್ನು ಬಾಯಿಪಾಠ ಮಾಡಿಕೊಂಡು ಇನ್ನೊಂದು ಕಡೆ ಕೇಳಿದವರು ಮನೆಗೆ ತರುವುದು ಇಟ್ಟಿಗೆ ಪುಡಿ.

ಇವರೆಲ್ಲರಿಗಿಂತ ನಮ್ಮ ಪೊಲೀಸ್ ಠಾಣೆಯ ರೈಟರೇ ವಾಸಿ. ಪತ್ರಿಕೆಯ ಮೂಲೆಯಲ್ಲಿ ಬರುವ ಕಾಣೆಯಾದವರ ಪ್ರಕಟಣೆ ಓದಿ ನೋಡಿ: "ಕೋಲುಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು." ಗೋಧಿಬಣ್ಣ, ಎಣ್ಣೆಗೆಂಪು, ಸಾದಗಪ್ಪು, ಕಪ್ಪು ಅಂತ ಆತ ಒಂದೊಂದನ್ನೂ ಬೇರೆ ಬೇರೆಯಾಗಿಯೇ ಬರೆಯುತ್ತಾನೆ. ಇನ್ನೊಂದು ಶೇಡ್ ಲೈಟಾಗಿ ಬರೆದರೆ ಆಸಾಮಿ ಸಿಗುವುದಿಲ್ಲ ಅಂತ ಆತನಿಗೆ ಗೊತ್ತು. ಎಣ್ಣೆಗೆಂಪು ಅನ್ನುವ ಒಂದೇ ಪದದಲ್ಲಿ ಮೇಕಪ್‌ನವರ ಎರಡು ಪ್ರಶ್ನೆಗಳಿಗೆ ಉತ್ತರವಿದೆ. ಎಣ್ಣೆ ಅಂದರೆ ಚರ್ಮದ ಹೊಳಪು, ಅವರ ಭಾಷೆಯ ಫಿನಿಶ್. ಕೆಂಪು ಅಂದರೆ ಒಳಗಿನ ಛಾಯೆ, ಅಂಡರ್‌ಟೋನ್.

ಆ ಒಳಛಾಯೆಯಲ್ಲೇ ಬಹುಪಾಲು ಜನ ಮುಗ್ಗರಿಸುವುದು. ಒಂದೇ ಗಾಢತೆಯ ಇಬ್ಬರಲ್ಲಿ ಒಬ್ಬರದು ಹಳದಿ, ಇನ್ನೊಬ್ಬರದು ಕೆಂಪು ಇರಬಹುದು. ಮಾಸಲು ಹಸಿರಿನ ಆಲಿವ್ ಛಾಯೆಯೂ ಉಂಟು. ಮಣಿಕಟ್ಟಿನ ನರ ಹಸಿರೋ ನೀಲಿಯೋ ನೋಡಿ ಅನ್ನುವ ಉಪದೇಶ ಕಪ್ಪು ಚರ್ಮದಲ್ಲಿ ಅಷ್ಟಾಗಿ ನಡೆಯುವುದಿಲ್ಲ. ನರ ಕಂಡರೆ ತಾನೇ. ಅದರ ಬದಲು ಹಗಲು ಬೆಳಕಿನಲ್ಲಿ, ತೊಳೆದ ಮುಖದ ಪಕ್ಕ ಬಿಳಿ ಹಾಳೆ ಹಿಡಿದರೆ ಛಾಯೆ ಬಾಯಿಬಿಡುತ್ತದೆ. ಹಳದಿ ಛಾಯೆಯ ಮುಖಕ್ಕೆ ಗುಲಾಬಿ ಕಡೆಯ ಶೇಡ್ ಹಚ್ಚಿದರೆ ಬೂದಿ. ಆಲಿವ್‌ಗೆ ಕೆಂಪು ಹೆಚ್ಚಾದದ್ದು ಹಚ್ಚಿದರೆ ಹೆಂಚು.

ಬೂದಿಯ ಕಾರಣ ಬಾಟಲಿಯೊಳಗೇ ಇದೆ. ಫೌಂಡೇಶನ್ನಿನ ಬಣ್ಣವೆಲ್ಲ ಹೆಚ್ಚುಕಡಿಮೆ ನಾಲ್ಕೇ ಪುಡಿಗಳ ಆಟ: ಬಿಳಿಗೆ ಟೈಟಾನಿಯಂ ಡೈಆಕ್ಸೈಡ್; ಹಳದಿ, ಕೆಂಪು, ಕಪ್ಪಿಗೆ ಐರನ್ ಆಕ್ಸೈಡ್. ಯಕ್ಷಗಾನದ ಚೌಕಿಯಲ್ಲಿ ಕಲಾವಿದರು ಸಫೇದ ಅನ್ನುವ ಬಿಳಿ ಪುಡಿಗೆ ಹಳದಿ, ಕೆಂಪು ಸೇರಿಸಿ ಎಣ್ಣೆಯಲ್ಲಿ ಕಲಸಿಕೊಳ್ಳುವುದೂ ಹೆಚ್ಚುಕಡಿಮೆ ಇದೇ ಲೆಕ್ಕ. ಕಂಪನಿಗಳ ಸೋಮಾರಿತನವೇನೆಂದರೆ, ತೆಳು ಶೇಡಿಗೆ ಹಾಕಿದ ಬಿಳಿಯನ್ನು ಹಾಗೇ ಬಿಟ್ಟು, ಮೇಲೆ ಒಂದಿಷ್ಟು ಕಪ್ಪು ಸುರಿದು ಗಾಢ ಶೇಡ್ ಅನ್ನುವುದು. ಅಂಥದ್ದು ಮುಖದ ಮೇಲೆ ಕಾಣುವುದು ಒದ್ದೆ ಡಸ್ಟರಿನಲ್ಲಿ ಒರೆಸಿದ ಕರಿಹಲಗೆಯ ಹಾಗೆ. ಸೀಮೆಸುಣ್ಣ ಹೋಗಿರುವುದಿಲ್ಲ, ಹಲಗೆಯ ಕಪ್ಪೂ ಉಳಿದಿರುವುದಿಲ್ಲ.

ಬಾಟಲಿ ಸರಿಯಿದ್ದೂ ಬೂದಿಯಾಗುವುದುಂಟು. ಕೆಳಗೆ ಝಿಂಕ್ ಇರುವ ಸನ್‌ಸ್ಕ್ರೀನ್ ಬಳಿದು, ಅದು ಕೂರುವ ಮೊದಲೇ ಮೇಲೆ ಫೌಂಡೇಶನ್ ಹಚ್ಚಿದರೆ ಎರಡೂ ಕಲಸಿ ನೇರಳೆ ಮಿಶ್ರಿತ ಬೂದು. ಬಿಳಿ ಉಳಿಸದ ಸನ್‌ಸ್ಕ್ರೀನ್ ಆರಿಸಿ, ಹತ್ತು ನಿಮಿಷ ಬಿಡಿ. ಕಣ್ಣಿನ ಕೆಳಗೆ, ಬಾಯಿಯ ಸುತ್ತ ಕಪ್ಪಿದ್ದರೆ ಅದರ ಮೇಲೆ ನೇರವಾಗಿ ಕಲೆ ಮುಚ್ಚುವ ತೆಳು ಬಣ್ಣದ ಕನ್ಸೀಲರ್ ಹಾಕಿದರೂ ಅದೇ ಗತಿ. ಮೊದಲು ಆ ಕಪ್ಪನ್ನು ತಗ್ಗಿಸುವ ಕಿತ್ತಳೆ ಬಣ್ಣದ ಕರೆಕ್ಟರ್. ಇನ್ನೂ ಗಾಢ ಬಣ್ಣದವರಿಗೆ ಇಟ್ಟಿಗೆಗೆಂಪು. ಹೆಸರುಕಾಳಿನಷ್ಟು ಸಾಕು, ಕಪ್ಪಿರುವಲ್ಲಿ ಮಾತ್ರ, ತಟ್ಟಿ ತಟ್ಟಿ. ಉಜ್ಜಿದರೆ ಕೆಳಗಿನದೆಲ್ಲ ಎದ್ದುಬರುತ್ತದೆ. ಆಮೇಲೆ ಫೌಂಡೇಶನ್ ಒಂದು ಪಂಪ್, ಒದ್ದೆ ಮಾಡಿ ಹಿಂಡಿದ ಸ್ಪಂಜಿನಲ್ಲಿ, ಕೆನ್ನೆಯಿಂದ ಹೊರಗೆ. ಸಾಲದಿದ್ದರೆ ಇನ್ನರ್ಧ. ಕೊನೆಗೆ ಹಾಕುವ "ಟ್ರಾನ್ಸ್‌ಲುಸೆಂಟ್" ಪೌಡರ್ ಪಾರದರ್ಶಕ ಅನ್ನುವುದು ಡಬ್ಬಿಯ ನಂಬಿಕೆ. ಕಪ್ಪು ಚರ್ಮದ ಮೇಲೆ ಅದು ಕಣಕ ಲಟ್ಟಿಸುವಾಗ ಉದುರಿಸಿದ ಹಿಟ್ಟು. ಬಣ್ಣವಿರುವ ಪೌಡರೇ ಬೇಕು.

ಆರತಕ್ಷತೆಗೆ ಹೊರಟಿದ್ದರೆ ಇನ್ನೊಂದು ಪರೀಕ್ಷೆ ಬಾಕಿ. ಕತ್ತಲ ಕೋಣೆಯಲ್ಲಿ ಮೊಬೈಲಿನ ಫ್ಲ್ಯಾಶ್ ಹಾಕಿ ಒಂದು ಫೋಟೊ. ಸಿಲಿಕಾ ಪೌಡರ್, ಝಿಂಕ್, ಟೈಟಾನಿಯಂ ಹೆಚ್ಚಿದ್ದರೆ ಫ್ಲ್ಯಾಶ್ ಬೆಳಕು ಅಲ್ಲೇ ಬಡಿದು ವಾಪಸು ಬರುತ್ತದೆ. ಕನ್ನಡಿಯಲ್ಲಿ ಸರಿಯಾಗಿ ಕಂಡದ್ದು ಆಲ್ಬಮಿನಲ್ಲಿ ಟ್ಯೂಬ್‌ಲೈಟು. ಛತ್ರಗಳ ಆಲ್ಬಮ್‌ಗಳಲ್ಲಿ ಎಷ್ಟು ಮದುಮಗಳಂದಿರ ಮುಖ ಹೆಣ್ಣಿನ ಕಡೆಯದು, ಕತ್ತು ಗಂಡಿನ ಕಡೆಯದು!

ಆ ಕತ್ತಿನ ಬಗ್ಗೆ ಯೋಚಿಸಿದರೆ ನಗು ಸ್ವಲ್ಪ ಹಿಂದೆ ಸರಿಯುತ್ತದೆ. "ಕಪ್ಪಗಿದ್ರೂ ಲಕ್ಷಣವಾಗಿದ್ದಾಳೆ" ಅಂತ ನಾವೆಲ್ಲ ಹೊಗಳಿಕೆ ಅಂದುಕೊಂಡೇ ಹೇಳಿಬಿಡುತ್ತೇವಲ್ಲ, ಆ "ರೂ" ಅನ್ನುವ ಒಂದಕ್ಷರವನ್ನು ಮುಚ್ಚಲು 30 ಮಿಲಿಯ ಎಷ್ಟು ಬಾಟಲಿ ಬೇಕೋ. ಕೌಂಟರಿನ ಆ ಹುಡುಗಿಯನ್ನೇ ಹತ್ತಿರದಿಂದ ನೋಡಿ. ಅವಳ ಮುಖಕ್ಕೂ ಎರಡು ಶೇಡ್ ಲೈಟಾದದ್ದೇ ಬಳಿದಿದೆ. ಬೆಳಗಿನಿಂದ ನಿಂತಿದ್ದಾಳೆ. ಕಿವಿಯ ಹಿಂದೆ, ದವಡೆಯ ಅಡಿಯಲ್ಲಿ, ಬೆವರು ಇಳಿದ ಕಡೆ ಅವಳದೇ ಬಣ್ಣ ಇಣುಕುತ್ತಿರುತ್ತದೆ. ಒಳ್ಳೆಯ ಎಣ್ಣೆಗೆಂಪು.

ಇರಲಿ, ಅವಳ ಹತ್ತಿರವೇ ಮೂರು ಟೆಸ್ಟರ್ ಕೇಳಿ: ನಿಮ್ಮದು ಅನ್ನಿಸಿದ್ದು ಒಂದು, ಅದಕ್ಕಿಂತ ಗಾಢ ಒಂದು, ಅವಳ ಸಮಾಧಾನಕ್ಕೆ ಒಂದು. ಕೆನ್ನೆಯ ಕೆಳಭಾಗದಿಂದ ದವಡೆ ದಾಟಿ ಕತ್ತಿನವರೆಗೆ ಮೂರು ಗೆರೆ ಎಳೆಯಬೇಕು. ಹಣೆ ಬೇಡ, ಅದು ಹೆಚ್ಚಿನವರಿಗೆ ಮುಖಕ್ಕಿಂತ ಗಾಢ. ಮುಖಕ್ಕೂ ಕತ್ತಿಗೂ ಬಣ್ಣ ಬೇರೆಯಾಗಿದ್ದರೆ ಸೀರೆ ಉಟ್ಟಾಗ ಕಾಣುವ ಎದೆಯ ಮೇಲ್ಭಾಗಕ್ಕೆ ಹೊಂದುವುದನ್ನು ಹಿಡಿಯಿರಿ. ಉಜ್ಜಬೇಡಿ. ಹಾಗೇ ಹೊರಗೆ ನಡೆಯಿರಿ, ಹಗಲು ಬೆಳಕಿಗೆ, ಹದಿನೈದು ನಿಮಿಷ. ಒಳಗಿನ ನೀರು, ಸಿಲಿಕೋನ್ ಆವಿಯಾಗಿ ಮುಖದ ಜಿಡ್ಡು ಸೇರಿದಂತೆ ಬಣ್ಣ ಕೊಂಚ ಗಾಢವಾಗುತ್ತದೆ. ಕೌಂಟರಿನವರು ಇದನ್ನು ಆಕ್ಸಿಡೈಸ್ ಅನ್ನುತ್ತಾರೆ, "ಅದಕ್ಕೇ ಲೈಟ್ ಕೊಟ್ಟೆ ಮೇಡಂ" ಅಂತ ನೆಪವನ್ನೂ ಮಾಡುತ್ತಾರೆ. ಗಾಢವಾದರೆ ಸಾಮಾನ್ಯವಾಗಿ ಅರ್ಧ ಶೇಡ್, ಹೆಚ್ಚೆಂದರೆ ಒಂದು. ಅವರು ಇಳಿಸಿದ್ದು ಮೂರು.

ಈಗಾಗಲೇ ಬಿಳಿಯದನ್ನು ತಂದು ಕೂತವರು ಬಾಟಲಿ ಎಸೆಯಬೇಕಿಲ್ಲ. ಅದೇ ಜಾತಿಯ ಗಾಢದ್ದೊಂದು ತಂದು ಮುಖಕ್ಕೆ ಹೊಂದುವಷ್ಟು ಬೆರೆಸಿಕೊಳ್ಳಬಹುದು. ಬೇಸಿಗೆಯ ಸ್ಕೂಟರ್ ಬಿಸಿಲಿಗೆ ಗಾಢದ್ದು ಹೆಚ್ಚು, ಮಳೆಗಾಲಕ್ಕೆ ಕಡಿಮೆ. ಜಾತಿ ಅಂದರೆ ಇಷ್ಟೇ: ಬಾಟಲಿಯ ಮೇಲಿನ ಪದಾರ್ಥಗಳ ಪಟ್ಟಿಯ ಮೊದಲ ನಾಲ್ಕೈದು ಹೆಸರುಗಳಿಗೆ "ಮೆಥಿಕೋನ್", "ಸಿಲೋಕ್ಸೇನ್" ಅನ್ನುವ ಬಾಲವಿದ್ದರೆ ಸಿಲಿಕೋನಿನದು. ಅದಿಲ್ಲದ, ಬರೀ ನೀರಿನದಕ್ಕೆ ಅದನ್ನು ಬೆರೆಸಿದರೆ ಅಂಗೈಯಲ್ಲೇ ಹಾಲು ಒಡೆದಂತೆ ಒಡೆಯುವುದೇ ಹೆಚ್ಚು.

ಹೊರಗೆ ಆ ಹದಿನೈದು ನಿಮಿಷ ಕಳೆಯುವುದೇ ಕಷ್ಟ. ಹಣೆಯ ವಿಭೂತಿ ದವಡೆಗೆ ಜಾರಿದವರ ಹಾಗೆ ಮಾಲಿನ ಮೆಟ್ಟಿಲ ಮೇಲೆ ನಿಂತಿರಬೇಕು. ಪಾನಿಪುರಿಯವನು ನೋಡುತ್ತಾನೆ, ಆಟೊದವರು ಮೀಟರ್ ಬಿಟ್ಟು ನೋಡುತ್ತಾರೆ. ಕೊನೆಗೆ ಸೆಕ್ಯುರಿಟಿಯವರಿಗೆ ತಡೆಯಲಾಗುವುದಿಲ್ಲ. ಹತ್ತಿರ ಬಂದು, ತಮ್ಮದೇ ಕೆನ್ನೆ ಮುಟ್ಟಿ ತೋರಿಸುತ್ತಾರೆ:

"ಮೇಡಂ, ಮುಖಕ್ಕೆ ಏನೋ ಅಂಟಿದೆ. ಎರಡು ಗೆರೆ."

ಎಳೆದದ್ದು ಮೂರು. ಅವರಿಗೆ ಕಾಣಿಸದ ಆ ಮೂರನೆಯದರ ನಂಬರ್ ಬರೆದುಕೊಂಡು ಒಳಗೆ ಹೋಗಿ. ಸ್ಟಾಕ್ ಇರುವುದಿಲ್ಲ.