ತುಮಕೂರಿಗೆ ಎರಡು ಸ್ಪೆಲಿಂಗು, ನನಗೆ ನೂರೆಂಟು ಫೋನು

ಎರಡು ವಾರದ ಹಿಂದಿನ ಸೋಮವಾರ, ಬೆಳಿಗ್ಗೆ ಏಳೂವರೆ. ಕ್ಯಾತ್ಸಂದ್ರದಲ್ಲಿ ಗಾಡಿ ನಿಲ್ಲಿಸಿ ತಟ್ಟೆ ಇಡ್ಲಿ ಹೇಳಿದ್ದೆ. ಮೇಲಿನ ಬೆಣ್ಣೆ ಇನ್ನೂ ಕರಗಿರಲಿಲ್ಲ, ಫೋನ್ ಬಂತು. ಸ್ಟೋರ್ಸ್‌ನಲ್ಲಿರುವ ಹಿರಿಯರು.

"ಏನಪ್ಪಾ, ಹದಿಮೂರು ವರ್ಷದಿಂದ ಇಲ್ಲೇ ಇದೀನಿ. ಈ ಕಂಪ್ಯೂಟರು ನಾನ್ಯಾರು ಅಂತಾನೇ ಗೊತ್ತಿಲ್ಲ ಅಂತೈತೆ. ಮನೆಗೆ ಹೋಗ್ಬಿಡ್ಲಾ?"

ನಕ್ಕೆ. ಎರಡನೇ ಫೋನಿಗೂ ನಕ್ಕೆ. ಹನ್ನೊಂದನೇ ಫೋನಿನ ಹೊತ್ತಿಗೆ ಇಡ್ಲಿ ತಣ್ಣಗಾಗಿತ್ತು, ನಾನು ಬಿಸಿಯಾಗಿದ್ದೆ.

ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಐಟಿ ನೋಡಿಕೊಳ್ಳುವವನು ನಾನು. ಐಟಿ ವಿಭಾಗ ಅಂದರೆ ನಾನು, ಒಬ್ಬ ಟ್ರೇನಿ ಹುಡುಗ, ಎಸಿ ಕೆಟ್ಟಿರುವ ಒಂದು ಸರ್ವರ್ ರೂಮು. ರಜೆ, ಹಾಜರಿ, ಸಂಬಳದ ಚೀಟಿ ಎಲ್ಲ ಒಂದೇ ಕಡೆ ಸಿಗುವ ಹೊಸ ಎಚ್‌ಆರ್ ಆ್ಯಪ್ ತಗೊಂಡರು. ಅದಕ್ಕೆ ಬೇರೆ ಪಾಸ್‌ವರ್ಡ್ ಬೇಡ, ಮೇಲ್ ಪಾಸ್‌ವರ್ಡ್‌ನಲ್ಲೇ ಒಳಗೆ ಹೋಗುವ ಹಾಗೆ ಮಾಡಿ ಅಂತ ಮೇಲಿನಿಂದ ಹೇಳಿಕೆ ಬಂತು. ಸಿಂಗಲ್ ಸೈನ್ ಆನ್. ಒಳ್ಳೆಯ ವಿಚಾರವೇ. ಪಾಸ್‌ವರ್ಡ್ ಮರೆತೆ ಅಂತ ಬಂದು ನಿಲ್ಲುವವರು ಕಡಿಮೆಯಾದರೆ ನನಗೂ ಲಾಭ. ಆ್ಯಪ್ ಮಾರಲು ಬಂದಿದ್ದ ಹುಡುಗ "ಅರ್ಧ ಗಂಟೆ ಕೆಲಸ ಸಾರ್" ಅಂದಿದ್ದ. ಆ ಅರ್ಧ ಗಂಟೆ ಶುರುವಾಗಿ ಇವತ್ತಿಗೆ ಹದಿನೇಳು ದಿನ.

ಇದು ಹೇಗೆ ನಡೆಯುತ್ತದೆ ಅಂತ ಮೊದಲು ಹೇಳಿಬಿಡುತ್ತೇನೆ, ಆಮೇಲೆ ಬೈಯುತ್ತೇನೆ. ನೀವು ಆ್ಯಪ್ ಬಾಗಿಲಿಗೆ ಹೋಗುತ್ತೀರಿ. ಅದು ನಿಮ್ಮನ್ನು ಕಂಪನಿಯ ಡೈರೆಕ್ಟರಿ, ಅಂದರೆ ಎಲ್ಲರ ಲಾಗಿನ್ ಹೆಸರು ಪಾಸ್‌ವರ್ಡ್ ಇಟ್ಟಿರುವ ಪಟ್ಟಿಯ ಹತ್ತಿರ ಕಳಿಸುತ್ತದೆ. ಡೈರೆಕ್ಟರಿ ಪಾಸ್‌ವರ್ಡ್ ನೋಡಿ, "ಹೌದು, ಇವರು ನಮ್ಮವರೇ" ಅಂತ ಒಂದು ಚೀಟಿ ಬರೆದು, ಸಹಿ ಹಾಕಿ ಕೊಡುತ್ತದೆ. ಸ್ಯಾಮಲ್ ಅನ್ನುವ ಪದ್ಧತಿ. ಈಗಲೂ ಬಳಕೆಯಲ್ಲಿರುವ 2.0 ಆವೃತ್ತಿ ಬಂದದ್ದು 2005ರಲ್ಲಿ, ಅಂದರೆ ಹೊಸದೇನಲ್ಲ. ಆ ಚೀಟಿಯಲ್ಲಿ ನೇಮ್ ಐಡಿ ಅಂತ ಒಂದು ಜಾಗ ಇರುತ್ತದೆ. ಅಲ್ಲಿ ಬರೆದಿರುವುದನ್ನು ಆ್ಯಪ್ ತನ್ನ ಪಟ್ಟಿಯಲ್ಲಿ ಹುಡುಕುತ್ತದೆ. ಸಿಕ್ಕರೆ ಒಳಗೆ, ಸಿಗದಿದ್ದರೆ ಹೊರಗೆ. ಪಾಸ್‌ವರ್ಡ್ ಸರಿ ಇರಲಿ, ಸಹಿ ಸರಿ ಇರಲಿ, ಮನುಷ್ಯ ಎದುರಿಗೇ ನಿಂತಿರಲಿ. ಆ ಒಂದು ಸಾಲು ಹೊಂದಲಿಲ್ಲ ಅಂದರೆ ಅವನು ಲೆಕ್ಕಕ್ಕೇ ಇಲ್ಲ.

ಹೊಂದದಿದ್ದಾಗ ಈ ಆ್ಯಪ್ ಏನು ಹೇಳುತ್ತದೆ ಗೊತ್ತಾ? "ಬಳಕೆದಾರ ಸಿಗಲಿಲ್ಲ. ದಯವಿಟ್ಟು ನಿಮ್ಮ ಅಡ್ಮಿನ್ ಅವರನ್ನು ಸಂಪರ್ಕಿಸಿ." ಆ ಅಡ್ಮಿನ್ ನಾನೇ ಕಣ್ರೀ! ಅಡ್ಮಿನ್ ಪುಟಕ್ಕೆ ಹೋಗಿ ಲಾಗ್, ಅಂದರೆ ಆ್ಯಪ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ದಿನಚರಿ, ತೆಗೆದರೆ ಅಲ್ಲೂ ಅದೇ ಸಾಲು. ಯಾವ ಬಳಕೆದಾರ? ಯಾವ ಹೆಸರು ಹಿಡಿದು ಹುಡುಕಿದೆ? ಎಲ್ಲಿ ಹುಡುಕಿದೆ? ಉಹೂಂ. ಬಾಗಿಲಲ್ಲಿ ನಿಂತವರಿಗೆ ಜಾಸ್ತಿ ಹೇಳಬಾರದು, ಕಳ್ಳನಿಗೆ ಸುಳಿವು ಸಿಗುತ್ತದೆ, ಒಪ್ಪಿದೆ. ಮನೆ ಯಜಮಾನನಿಗೂ ಹೇಳಬಾರದಾ?

ಆ್ಯಪ್ ಕಂಪನಿಯ ಸಪೋರ್ಟ್‌ಗೆ ಟಿಕೆಟ್ ಹಾಕಿದೆ, ಅಂದರೆ ದೂರು ಕೊಟ್ಟೆ. ಬ್ರೌಸರ್ ಕ್ಯಾಶ್ ಕ್ಲಿಯರ್ ಮಾಡಿ ಅಂದರು. ಮಾಡಿದೆ. ಇನ್‌ಕಾಗ್ನಿಟೋದಲ್ಲಿ ನೋಡಿ. ನೋಡಿದೆ. ಬೇರೆ ಬ್ರೌಸರ್? ಅದೂ ಆಯಿತು. ಗುರುವಾರ ಇನ್ನೊಬ್ಬರು ಬಂದು, ನಿಮ್ಮ ಸರ್ವರ್ ಗಡಿಯಾರ ಸರಿ ಇದೆಯಾ ನೋಡಿ ಅಂದರು. ಗಡಿಯಾರ ತಪ್ಪಿದ್ದರೆ ಚೀಟಿಯ ಅವಧಿ ಮುಗಿದಿದೆ ಅಂತ ಬರಬೇಕು ಸ್ವಾಮಿ, ಬಳಕೆದಾರ ಸಿಗಲಿಲ್ಲ ಅಂತ ಯಾಕೆ ಬರುತ್ತದೆ? ಎಚ್‌ಎಂಟಿ ವಾಚು ಮಾಡಿದ ಊರು ನಮ್ಮದು, ನಮಗೇ ಟೈಮ್ ನೋಡುವುದು ಹೇಳಿಕೊಡುತ್ತಾರೆ. ಶನಿವಾರ ರಾತ್ರಿ ಹತ್ತೂವರೆಗೆ ಏನೋ ಒಂದು ಫೈಲ್ ಕಳಿಸಿ ಅಂತ ಮೇಲ್. ಭಾನುವಾರ ರಜೆ, ಸೋಮವಾರ ಪೂರ್ತಿ ಜನರೇಟರ್ ತಾಪತ್ರಯ. ಮಂಗಳವಾರ ಕಳಿಸೋಣ ಅಂತ ಕೂತರೆ, "ನಿಮ್ಮಿಂದ ಉತ್ತರ ಬರದ ಕಾರಣ ಟಿಕೆಟ್ ಮುಚ್ಚಲಾಗಿದೆ. ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ?" ನಕ್ಷತ್ರವಂತೆ. ಗ್ರಹಚಾರ ಬಿಡಿಸಬೇಕು ಅನ್ನಿಸಿತು.

ಕೊನೆಗೆ ನಾನೇ ಕೂತೆ. ಸ್ಯಾಮಲ್ ಟ್ರೇಸರ್ ಅಂತ ಬ್ರೌಸರ್‌ಗೆ ಹಾಕಿಕೊಳ್ಳುವ ಒಂದು ಎಕ್ಸ್‌ಟೆನ್ಶನ್ ಇದೆ. ಆ ಚೀಟಿ ನಮ್ಮ ಬ್ರೌಸರ್ ಮೂಲಕವೇ ಆ್ಯಪ್‌ಗೆ ಹೋಗುವುದರಿಂದ ನಡುವೆ ಬಿಚ್ಚಿ ಓದಬಹುದು. ಸ್ಟೋರ್ಸ್ ಹಿರಿಯರನ್ನೇ ಕರೆದು ಕೂರಿಸಿ ಲಾಗಿನ್ ಮಾಡಿಸಿದೆ. ನೇಮ್ ಐಡಿ ನೋಡಿದೆ. ಒಂಬತ್ತು ದಿನ ಹುಡುಕಿದ್ದು ಒಂದು ನಿಮಿಷಕ್ಕೆ ಸಿಕ್ಕಿತು.

ನಮ್ಮ ಊರಿನ ಹೆಸರು!

ಕಂಪನಿಯ ಮೇಲ್ ವಿಳಾಸದ ಕೊನೆಯಲ್ಲಿ ಊರಿನ ಹೆಸರೂ ಸೇರಿದೆ. ಶುರುವಿನಲ್ಲಿ ಇದ್ದದ್ದು ಬ್ರಿಟಿಷರ ಕಾಲದ ಟಮ್ಕೂರ್ ಸ್ಪೆಲಿಂಗು. 2014ರ ನವೆಂಬರ್ 1ಕ್ಕೆ ಸರ್ಕಾರ 12 ಊರುಗಳ ಇಂಗ್ಲಿಷ್ ಸ್ಪೆಲಿಂಗ್ ಬದಲಾಯಿಸಿತಲ್ಲ, ಬೆಂಗಳೂರು, ಮೈಸೂರು, ಬೆಳಗಾವಿ ಜೊತೆಗೆ ನಮ್ಮದೂ ಒಂದು. ನಮ್ಮ ಮಾಲೀಕರಿಗೆ ಅದು ನೆನಪಾದದ್ದು ಹೋದ ವರ್ಷ. ಹೊಸ ಲೋಗೋ, ಹೊಸ ವಿಸಿಟಿಂಗ್ ಕಾರ್ಡು, ಹೊಸ ಸ್ಪೆಲಿಂಗಿನ ಮೇಲ್. ಹಳೆಯದಕ್ಕೆ ಕಳಿಸಿದರೂ ಬರುತ್ತಿತ್ತು, ಹೊಸದಕ್ಕೆ ಕಳಿಸಿದರೂ ಬರುತ್ತಿತ್ತು. ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಆದರೆ ಡೈರೆಕ್ಟರಿಯಲ್ಲಿ ಒಬ್ಬೊಬ್ಬರಿಗೂ ಎರಡೆರಡು ಜಾಗ ಇರುತ್ತದೆ. ಒಂದು ಮೇಲ್ ವಿಳಾಸ. ಇನ್ನೊಂದು ಲಾಗಿನ್ ಹೆಸರು, ಯುಪಿಎನ್ ಅನ್ನುತ್ತಾರೆ. ನೋಡಲು ಎರಡೂ ಮೇಲ್ ವಿಳಾಸದ ಹಾಗೇ, ಅವಳಿ ಮಕ್ಕಳು. ಡೊಮೇನ್, ಅಂದರೆ ವಿಳಾಸದ ಆ ಕೊನೆಯ ಭಾಗ, ಬದಲಾದಾಗ ಮೇಲ್ ಬದಲಾಯಿತು, ಹಳಬರ ಯುಪಿಎನ್ ಹಳೆಯ ಸ್ಪೆಲಿಂಗಿನಲ್ಲೇ ಉಳಿಯಿತು. ಚೀಟಿಯಲ್ಲಿ ಹೋಗುತ್ತಿದ್ದದ್ದು ಯುಪಿಎನ್. ಆ್ಯಪ್ ಪಟ್ಟಿಯಲ್ಲಿ ಇದ್ದದ್ದು ಎಚ್‌ಆರ್ ಮೇಡಂ ತುಂಬಿಸಿದ ಹೊಸ ಮೇಲ್. ಅದಕ್ಕೇ ಮೊನ್ನೆ ಮೊನ್ನೆ ಸೇರಿದ ಹುಡುಗರೆಲ್ಲ ಸಲೀಸಾಗಿ ಒಳಗೆ, ಹದಿಮೂರು ವರ್ಷ ದುಡಿದವರು ಹೊರಗೆ. ಡೊಮೇನ್ ಬದಲಾಯಿಸಿದ ದಿನ ಯುಪಿಎನ್ ಕೂಡ ನೋಡಬೇಕಿತ್ತು, ಅದು ನನ್ನ ತಪ್ಪು. ಅಷ್ಟು ಮಾತ್ರ ಒಪ್ಪುತ್ತೇನೆ.

ಬಿ.ಎಚ್. ರಸ್ತೆಯಲ್ಲಿ ಬೋರ್ಡು ಓದುತ್ತಾ ಹೋಗಿ. ಎರಡು ಸ್ಪೆಲಿಂಗೂ ಕಾಣುತ್ತವೆ, ಕೆಲವು ಕಡೆ ಅಕ್ಕಪಕ್ಕದ ಅಂಗಡಿಯಲ್ಲೇ. ಅದರಿಂದ ಯಾರೂ ದಾರಿ ತಪ್ಪಿಲ್ಲ. ಪೋಸ್ಟ್‌ಮ್ಯಾನ್‌ಗೆ ಗೊತ್ತು, ಕಂಡಕ್ಟರ್‌ಗೆ ಗೊತ್ತು. ಕನ್ನಡದಲ್ಲಿ ಬರೆದರಂತೂ ಯಾವತ್ತೂ ತುಮಕೂರೇ. ಲಕ್ಷಗಟ್ಟಲೆ ಕೊಟ್ಟು ತಂದ ಆ್ಯಪ್‌ಗೆ ಮಾತ್ರ ಇವು ಎರಡು ಬೇರೆ ಬೇರೆ ಊರು.

ಸರಿ, ಯುಪಿಎನ್ ಬದಲು ಮೇಲ್ ಕಳಿಸು ಅಂತ ಡೈರೆಕ್ಟರಿಗೆ ಹೇಳಿದರೆ ಮುಗಿಯಿತು. ಒಂದು ಕ್ಲಿಕ್ಕಿನ ಕೆಲಸ. ಅಷ್ಟರಲ್ಲಿ ನಡೆದದ್ದು ಕೇಳಿ. ಸಪೋರ್ಟಿನವರು ನನ್ನನ್ನು ಬಿಟ್ಟು ಎಚ್‌ಆರ್ ಮ್ಯಾನೇಜರ್‌ಗೆ ಫೋನ್ ಮಾಡಿ, "ಹೆಸರು ಸಿಗದಿದ್ದರೆ ಆ್ಯಪೇ ಹೊಸ ಖಾತೆ ತೆರೆಯುವ ಹಾಗೆ ಮಾಡಿಕೊಡ್ತೀವಿ, ಸಮಸ್ಯೆ ಬಗೆಹರಿಯುತ್ತೆ" ಅಂದರು. ಅವರು ಹೂಂ ಅಂದರು. ಮಾರನೇ ದಿನ ಬೆಳಿಗ್ಗೆ 46 ಜನ ಲಾಗಿನ್ ಆದರು. ಒಂದು ಎರರ್ ಇಲ್ಲ. ಸ್ಟೋರ್ಸ್ ಹಿರಿಯರು ಕ್ಯಾಂಟೀನಿನಲ್ಲಿ ಬೆನ್ನು ತಟ್ಟಿದರು. ನಾನೂ ಬೆಪ್ಪನ ಹಾಗೆ ಹಲ್ಲು ಕಿರಿದೆ.

ಹತ್ತು ಗಂಟೆಗೆ ಮತ್ತೆ ಫೋನ್. ರಜೆ ಬಾಕಿ ಸೊನ್ನೆ. ಹಾಜರಿ ಸೊನ್ನೆ. ಸಂಬಳದ ಚೀಟಿಯೇ ಇಲ್ಲ. ಆ್ಯಪ್ ಏನು ಮಾಡಿತ್ತು ಅಂದರೆ, ಹಳೆಯ ಸ್ಪೆಲಿಂಗಿನಲ್ಲಿ ಬಂದ ಪ್ರತಿಯೊಬ್ಬರಿಗೂ ಇವತ್ತೇ ಹುಟ್ಟಿದವರ ಹಾಗೆ ಹೊಸ ಖಾತೆ ತೆರೆದಿತ್ತು. ಒಬ್ಬ ಮನುಷ್ಯ, ಎರಡು ಖಾತೆ. ಇಪ್ಪತ್ತನಾಲ್ಕು ದಿನ ರಜೆ ಕೂಡಿಟ್ಟವರು ಒಂದರಲ್ಲಿ, ಬರಿಗೈಯವರು ಇನ್ನೊಂದರಲ್ಲಿ. ಅದೂ ಯಾವಾಗ? ಶಿವರಾತ್ರಿ ಹತ್ತಿರ ಬಂದಿದೆ. ಸಿದ್ಧಗಂಗೆ ಜಾತ್ರೆಗೆ ಅರ್ಧ ಕಾರ್ಖಾನೆ ರಜೆ ಹಾಕುತ್ತದೆ. ದನದ ಜಾತ್ರೆಗೆ ಹೋಗಿ ಹೋರಿ ತರಬೇಕು ಅಂತ ಎರಡು ತಿಂಗಳಿಂದ ಹೇಳುತ್ತಿದ್ದ ವೆಲ್ಡಿಂಗ್ ಅಣ್ಣ ನನ್ನ ಟೇಬಲ್ ಮುಂದೆ ಬಂದು ನಿಂತು, "ನನ್ನ ರಜೆ ಎಲ್ಲಿಗೆ ಹೋಯ್ತು ಸಾರ್?" ಅಂದ. ನಾನೇ ತಿಂದು ಹಾಕಿದ ಹಾಗೆ ನೋಡುತ್ತಿದ್ದ.

ಆ ಆಟೋಮ್ಯಾಟಿಕ್ ಖಾತೆ ನಿಲ್ಲಿಸಿ, ಮೇಲ್ ಹೋಗುವ ಹಾಗೆ ಬದಲಾಯಿಸಿದೆ. ಜಾಸ್ತಿ ಜನ ತಮ್ಮ ತಮ್ಮ ಹಳೆಯ ಖಾತೆಗೆ ಸೇರಿದರು. ಆದರೆ ಆ ಅರ್ಧ ದಿನದಲ್ಲೇ ಕೆಲವರು ಹೊಸ ಖಾತೆಯಲ್ಲಿ ಜಾತ್ರೆ ರಜೆ ಅರ್ಜಿ ಹಾಕಿಬಿಟ್ಟಿದ್ದರು, ಮೇಸ್ತ್ರಿ ಒಪ್ಪಿಗೆಯನ್ನೂ ಕೊಟ್ಟುಬಿಟ್ಟಿದ್ದರು. ಎರಡು ಖಾತೆ ಸೇರಿಸಿಕೊಡಿ ಅಂತ ಸಪೋರ್ಟಿನವರನ್ನು ಕೇಳಿದರೆ, "ಆ ಸೌಲಭ್ಯ ಸದ್ಯಕ್ಕಿಲ್ಲ ಸಾರ್" ಅಂದರು. ಎರಡು ಮಾಡಲು ಬರುತ್ತದೆ, ಒಂದು ಮಾಡಲು ಬರುವುದಿಲ್ಲ!

ಇನ್ನೂ ಐದಾರು ಜನ ಉಳಿದರು. ಎಚ್‌ಆರ್ ಪಟ್ಟಿಯ ಎಕ್ಸೆಲ್‌ನಲ್ಲಿ ವಿಳಾಸದ ಕೊನೆಗೆ ಒಂದು ಸ್ಪೇಸ್ ಬಿದ್ದಿತ್ತು ಕೆಲವರಿಗೆ. ಕಣ್ಣಿಗೆ ಕಾಣದ ಆ ಖಾಲಿ ಜಾಗವೂ ಆ್ಯಪ್‌ಗೆ ಒಂದು ಅಕ್ಷರ. ಇಬ್ಬರಿಗೆ ಮೊದಲ ಅಕ್ಷರ ದೊಡ್ಡದು. ನಾವು ಯಾರಾದರೂ ಮೇಲ್ ಕಳಿಸುವಾಗ ದೊಡ್ಡಕ್ಷರ ಸಣ್ಣಕ್ಷರ ನೋಡುತ್ತೇವಾ? ಈ ಆ್ಯಪ್ ನೋಡುತ್ತದೆ. ಊರಿನ ಸ್ಪೆಲಿಂಗೇ ಬೇಡ, ಎಂಪ್ಲಾಯಿ ನಂಬರ್ ಹಿಡಿದು ಹೊಂದಿಸೋಣ ಅಂತಲೂ ನೋಡಿದೆ. ಶೀಟ್ ತೆರೆದು ಸೇವ್ ಮಾಡಿದ್ದೇ ತಡ, ಎಕ್ಸೆಲ್ ಮುಂದಿನ ಸೊನ್ನೆಗಳನ್ನೆಲ್ಲ ನುಂಗಿತು. 00417 ಹೋಗಿ 417. ಮತ್ತೆ ಬಳಕೆದಾರ ಸಿಗಲಿಲ್ಲ. ನಮಸ್ಕಾರ ಹಾಕಿ ಬಿಟ್ಟೆ.

ಇಷ್ಟೆಲ್ಲ ಆದ ಮೇಲೆ, ಯಾವ ಎರರ್ರೂ ಕೊಡದೆ ಕೂತಿದ್ದ ಒಂದು ಕೇಸು ಹೊರಗೆ ಬಂತು. ನಮ್ಮ ಕಡೆ ಹೆಸರುಗಳ ಕಥೆ ಗೊತ್ತಲ್ಲ. ಒಂದು ಶಿಫ್ಟಿನಲ್ಲಿ "ಮಂಜಣ್ಣ" ಅಂತ ಕೂಗಿದರೆ ನಾಲ್ಕು ಜನ ತಿರುಗುತ್ತಾರೆ. ಕೆಲಸ ಬಿಟ್ಟುಹೋದ ಒಬ್ಬರ ಮೇಲ್ ವಿಳಾಸವನ್ನು, ಹೆಸರು ಇನಿಷಿಯಲ್ ಎರಡೂ ಒಂದೇ ಅಲ್ವಾ ಅಂತ ಹೊಸದಾಗಿ ಸೇರಿದ ಇನ್ನೊಬ್ಬ ಮಂಜುನಾಥನಿಗೆ ಕೊಟ್ಟಿದ್ದರು. ಹುಡುಗ ಲಾಗಿನ್ ಆದ. ಪಕ್ಕಾ ಹೊಂದಿತು. ಸೀದಾ ಹಳಬರ ಖಾತೆಗೆ ಹೋದ. ಅವರ ಸಂಬಳದ ಚೀಟಿ, ಬ್ಯಾಂಕ್ ಖಾತೆ ನಂಬರ್ ಎಲ್ಲ ಕಣ್ಣ ಮುಂದೆ. ಪಾಪ ಒಳ್ಳೆಯ ಹುಡುಗ, ನನ್ನ ಹತ್ತಿರ ಬಂದು ಮೆಲ್ಲಗೆ, "ಸಾರ್, ನನಗೆ ಇಷ್ಟೊಂದು ಸಂಬಳ ಕೊಡ್ತಾರಾ?" ಅಂತ ಕೇಳಿದ. ನನಗೆ ಬೆವರು ಕಿತ್ತುಕೊಂಡು ಬಂತು. ಬಾಗಿಲು ತೆರೆಯದಿದ್ದರೆ ಫೋನ್ ಬರುತ್ತದೆ. ಬೇರೆಯವರ ಬಾಗಿಲು ತೆರೆದರೆ ಎಲ್ಲರೂ ಈ ಹುಡುಗನ ಹಾಗೆ ಬಂದು ಹೇಳುತ್ತಾರಾ?

ಮೇಲ್ ವಿಳಾಸ ಮನುಷ್ಯನ ಗುರುತಲ್ಲ. ಅದು ಬದಲಾಗುತ್ತದೆ, ಒಬ್ಬರಿಂದ ಇನ್ನೊಬ್ಬರಿಗೆ ಹೋಗುತ್ತದೆ. ಇದು ನನ್ನ ಸಂಶೋಧನೆಯೇನಲ್ಲ. ಸ್ಯಾಮಲ್‌ನಲ್ಲೇ ಪರ್ಸಿಸ್ಟೆಂಟ್ ಅಂತ, ಬದಲಾಗದ ಬೇರೆ ಗುರುತು ಕೊಡಲು ದಾರಿ ಇದೆ. ಇದೇ ಕೆಲಸಕ್ಕೆ 2014ರಲ್ಲಿ ಬಂದ ಇನ್ನೊಂದು ಪದ್ಧತಿ ಓಪನ್ ಐಡಿ ಕನೆಕ್ಟ್‌ನಲ್ಲಂತೂ ಗುರುತಿಗೆ ಮೇಲ್ ನಂಬಬೇಡಿ, ಇನ್ನೊಬ್ಬರಿಗೆ ಎಂದೂ ಕೊಡದ ಒಂದು ಗುರುತು ಇರುತ್ತದೆ, ಅದನ್ನೇ ಹಿಡಿಯಿರಿ ಅಂತ ಬರೆದೇ ಇಟ್ಟಿದ್ದಾರೆ. ಈ ಆ್ಯಪ್‌ನವರನ್ನು ಕೇಳಿದರೆ, "ಎಲ್ಲ ಕಸ್ಟಮರ್ಸೂ ಇಮೇಲ್‌ನಲ್ಲೇ ಮಾಡ್ತಾರೆ ಸಾರ್, ನಿಮಗೆ ಮಾತ್ರ ಪ್ರಾಬ್ಲಂ."

ನಾನು ಕೇಳುವುದು ದೊಡ್ಡದೇನಲ್ಲ. ಅಡ್ಮಿನ್ ನೋಡುವ ಲಾಗ್‌ನಲ್ಲಿ ಎರಡು ಸಾಲು. ಚೀಟಿಯಲ್ಲಿ ಇದು ಬಂತು, ನಾನು ಈ ಕಾಲಂನಲ್ಲಿ ಹುಡುಕಿದೆ. ಅಷ್ಟು ಬರೆದಿದ್ದರೆ ಆ ಸೋಮವಾರ ನಾನು ಇಡ್ಲಿ ಬಿಸಿಯಿರುವಾಗಲೇ ತಿಂದಿರುತ್ತಿದ್ದೆ.

ಈಗ ರಾತ್ರಿ ಎಂಟು. ಟ್ರೇನಿ ಹುಡುಗ ಗುಬ್ಬಿ ಬಸ್ ಹಿಡಿಯಬೇಕು ಅಂತ ಹೋದ. ನಾನು ಒಂದೊಂದೇ ಖಾತೆ ತೆರೆದು, ರಜೆಯನ್ನು ಈ ಕಡೆಯಿಂದ ಆ ಕಡೆಗೆ ಕೈಯಲ್ಲೇ ಟೈಪ್ ಮಾಡುತ್ತಿದ್ದೇನೆ. ವೆಲ್ಡಿಂಗ್ ಅಣ್ಣನದು ಮೊದಲು ಮುಗಿಸಿದೆ. ಇನ್ನೂ ಹದಿಮೂರು ಜನ ಬಾಕಿ.