ವರ್ಷಕ್ಕೆ 400 ದಿನ ಕುಸ್ತಿ ಆಡಿದವರ ಮಾತು

ಮೊನ್ನೆ ರಾತ್ರಿ ಹನ್ನೆರಡೂವರೆ. ಹೆಂಡತಿ ರೂಮಿನಿಂದ ಎದ್ದು ಬಂದು, "ಯಾರ್ರೀ ಅದು, ಈ ಹೊತ್ತಲ್ಲಿ ಹಂಗೆ ಬೈಕೊಳ್ತಿರೋದು?" ಅಂದಳು. ಐರನ್ ಶೇಕ್ ಅಂದೆ. ಅವಳಿಗೆ ಅರ್ಥವಾಗಲಿಲ್ಲ. ನಾನೂ ವಿವರಿಸುವ ಗೋಜಿಗೆ ಹೋಗದೆ ಇಯರ್‌ಫೋನ್ ಸಿಕ್ಕಿಸಿಕೊಂಡೆ. ಶೇಕ್ ಬೈಯುತ್ತಿದ್ದದ್ದು ಹಲ್ಕ್ ಹೋಗನ್‌ಗೆ. ಬೈದವನು 2023ರ ಜೂನ್‌ನಲ್ಲಿ ಹೋದ, ಬೈಸಿಕೊಂಡವನು 2025ರ ಜುಲೈನಲ್ಲಿ. ಬೈಗುಳ ಮಾತ್ರ ಯೂಟ್ಯೂಬಿನಲ್ಲಿ ಗಟ್ಟಿಮುಟ್ಟಾಗಿದೆ.

ಎರಡು ವರ್ಷದಿಂದ ಹತ್ತಿರುವ ಚಟ ಇದು: ಡಬ್ಲ್ಯೂಡಬ್ಲ್ಯೂಎಫ್ ಎಂಬ ಅಮೆರಿಕದ ಟೀವಿ ಕುಸ್ತಿ ಕಂಪನಿಯ ನಿವೃತ್ತ ಪೈಲ್ವಾನರ ಸಂದರ್ಶನ ನೋಡುವುದು. ಆ ಕುಸ್ತಿ ನೋಡೋದು ಬಿಟ್ಟು ಇಪ್ಪತ್ತು ವರ್ಷವಾಯಿತು. ಈಗ ಚಾಂಪಿಯನ್ ಯಾರು ಅಂತ ಕೇಳಿದರೆ ನನ್ನ ಮಗನನ್ನೇ ಕೇಳಬೇಕು. ಆದರೆ ಅರವತ್ತು ದಾಟಿದ, ಸೊಂಟ ಮಂಡಿ ಎಲ್ಲ ಆಪರೇಷನ್ ಆದ ಆಳೊಬ್ಬ ಕುರ್ಚಿಯಲ್ಲಿ ಕೂತು "ಆವತ್ತು ನಿಜವಾಗಿ ಏನಾಯ್ತು ಅಂದ್ರೆ" ಅಂತ ಶುರುಮಾಡಿದನೋ, ನನ್ನ ನಿದ್ದೆ ಹಾರಿತು.

ನಮ್ಮ ವಯಸ್ಸಿನವರಿಗೆ ಗೊತ್ತಿರುತ್ತದೆ. ಕೇಬಲ್ ಬಂದ ಕಾಲ. ಪೈಲ್ವಾನರ ಚಿತ್ರದ ಟ್ರಂಪ್ ಕಾರ್ಡ್ ಕೈಯಲ್ಲಿ ಹಿಡಿದು ಎತ್ತರ, ತೂಕ, ಎದೆ ಸುತ್ತಳತೆ ಅಂತ ಜಗಳ. ಅಂಡರ್‌ಟೇಕರ್‌ಗೆ ಏಳು ಜೀವ ಇದೆ ಅಂತ ಇಡೀ ಸ್ಕೂಲು ನಂಬಿತ್ತು. ಹಿಂದಿನ ಬೆಂಚಿನ ಒಬ್ಬ ಅದರಲ್ಲಿ ಆರು ಖರ್ಚಾಗಿವೆ ಅಂತ ಲೆಕ್ಕ ಕೊಡುತ್ತಿದ್ದ. ಲೆಕ್ಕದಲ್ಲಿ ಅವನು ಯಾವಾಗಲೂ ಫೇಲ್, ಅದು ಬೇರೆ ಮಾತು. ನಮ್ಮ ಬೀದಿಯಲ್ಲೇ ಗರಡಿ ಮನೆಯಿತ್ತು. ಅಲ್ಲಿನ ಉಸ್ತಾದರು ಮೈಸೂರು ದಸರಾ ಕುಸ್ತಿಯಲ್ಲಿ ಸೆಣಸಿದವರು, ಎರಡು ಕಿವಿಯೂ ಮುದುಡಿಕೊಂಡು ಹೂಕೋಸಿನಂತೆ ಆಗಿದ್ದವು. ನಮ್ಮ ಮನೆ ಟೀವಿ ಮುಂದೆ ಒಂದು ದಿನ ಐದು ನಿಮಿಷ ನಿಂತು ನೋಡಿ, "ಇದು ಕುಸ್ತಿಯಲ್ಲ ಕಣೋ ಮಗಾ, ಕುಣಿತ" ಅಂದುಬಿಟ್ಟರು. ನನಗೆ ಅವರ ಮೇಲೆ ತಿಂಗಳುಗಟ್ಟಲೆ ಸಿಟ್ಟಿತ್ತು.

ಆ ಕುಣಿತದವರಿಗೆ ಅವರದೇ ಗುಪ್ತಭಾಷೆ. ಮೊದಲೇ ಮಾತಾಡಿಕೊಂಡು ಆಡಿದರೆ 'ವರ್ಕ್'. ಮಾತು ಮೀರಿ ನಿಜವಾಗಿ ತಿರುಗಿಬಿದ್ದರೆ 'ಶೂಟ್'. ಯಾರೆದುರೂ ಗುಟ್ಟು ಬಿಡದಿರುವ ವ್ರತಕ್ಕೆ 'ಕೇಫೇಬ್'. ಅಮೆರಿಕದ ಜಾತ್ರೆ ಡೇರೆಗಳಲ್ಲಿ ಕುಸ್ತಿ ಆಡಿಸುತ್ತಿದ್ದ ಕಾಲದ ಮಾತುಗಳು ಇವು. ಆ ವ್ರತವನ್ನು ಎಷ್ಟು ಕಟ್ಟುನಿಟ್ಟಾಗಿ ನಡೆಸುತ್ತಿದ್ದರು ಅನ್ನೋದಕ್ಕೆ 1984ರ ಡಿಸೆಂಬರ್ ನೋಡಿ. ಟೀವಿ ವರದಿಗಾರ ಜಾನ್ ಸ್ಟಾಸೆಲ್, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಡೇವಿಡ್ ಶುಲ್ಟ್ಜ್ ಎಂಬ ಪೈಲ್ವಾನನಿಗೆ "ಇದೆಲ್ಲ ಸುಳ್ಳು ಅನ್ಸುತ್ತೆ" ಅಂದ. ಶುಲ್ಟ್ಜ್ ಕಿವಿ ಮೇಲೆ ಬಾರಿಸಿ ಕೆಡವಿ, "ಇದೂ ಸುಳ್ಳಾ?" ಅಂತ ಕೇಳಿ, ಇನ್ನೊಂದು ಕಿವಿಗೂ ಬಾರಿಸಿದ. ಕ್ಯಾಮೆರಾ ಓಡುತ್ತಲೇ ಇತ್ತು. 1987ರ ಮೇ ತಿಂಗಳಲ್ಲಿ ನ್ಯೂಜೆರ್ಸಿ ಪೊಲೀಸರು ಒಂದು ಕಾರು ತಡೆದರು. ಒಳಗಿದ್ದದ್ದು ಇದೇ ಐರನ್ ಶೇಕ್, ಮತ್ತು ರಿಂಗ್‌ನಲ್ಲಿ ಅವನ ಬದ್ಧವೈರಿ ಜಿಮ್ ಡಗ್ಗನ್. ಮಾದಕವಸ್ತು ಸಿಕ್ಕಿತು. ಆದರೆ ಕಂಪನಿಯ ಮಾನ ಹೋದದ್ದು ಅದಕ್ಕಿಂತ ಹೆಚ್ಚಾಗಿ, ವೈರಿಗಳು ಒಂದೇ ಕಾರಲ್ಲಿ ಹೋಗುತ್ತಿದ್ದರು ಅನ್ನುವುದು ಪೇಪರಿಗೆ ಬಂದಾಗ ಎಂದು ಆ ಕಾಲದವರು ಈಗಲೂ ನಗುತ್ತಾ ಹೇಳುತ್ತಾರೆ. ಇಬ್ಬರನ್ನೂ ಮನೆಗೆ ಕಳಿಸಿದರು.

ತಮಾಷೆ ಏನು ಗೊತ್ತಾ? ಎರಡು ವರ್ಷ ಕಳೆದು, 1989ರಲ್ಲಿ, ಮಾಲೀಕ ವಿನ್ಸ್ ಮೆಕ್‌ಮಹನ್‌ನ ಕಂಪನಿಯೇ ಅದೇ ನ್ಯೂಜೆರ್ಸಿ ಸರ್ಕಾರದ ಮುಂದೆ "ನಮ್ಮದು ಕ್ರೀಡೆಯಲ್ಲ ಸ್ವಾಮಿ, ಬರೀ ಮನರಂಜನೆ" ಅಂತ ಒಪ್ಪಿಕೊಂಡಿತು. ಕ್ರೀಡೆ ಅಂದರೆ ಕ್ರೀಡಾ ಆಯೋಗದ ಕಟ್ಟುಪಾಡು, ತೆರಿಗೆ. ದುಡ್ಡು ಉಳಿಯುವುದಾದರೆ ವ್ರತ ಮುರಿಯಲು ಅಡ್ಡಿಯಿಲ್ಲ. ಶುಲ್ಟ್ಜ್ ಆ ವೇಳೆಗಾಗಲೇ ಕೆಲಸ ಕಳೆದುಕೊಂಡಿದ್ದ.

ಗುಟ್ಟು ರಟ್ಟಾದ ಮೇಲೆ ಗುಟ್ಟನ್ನೇ ಮಾರುವ ಅಂಗಡಿ ತೆರೆಯಿತು. ತೊಂಬತ್ತರ ದಶಕದಲ್ಲಿ ಆರ್‌ಎಫ್ ವಿಡಿಯೋದಂಥವರು ಹಳೆಯ ಪೈಲ್ವಾನರಿಗೆ ದುಡ್ಡು ಕೊಟ್ಟು ಗಂಟೆಗಟ್ಟಲೆ ಮಾತಾಡಿಸಿ ವಿಎಚ್‌ಎಸ್ ಕ್ಯಾಸೆಟ್ ಮಾಡಿ ಮಾರಿದರು. ಹೆಸರೇ 'ಶೂಟ್ ಇಂಟರ್‌ವ್ಯೂ'. ಆಮೇಲೆ ಡಿವಿಡಿ, ಆಮೇಲೆ ಪಾಡ್‌ಕಾಸ್ಟ್. ಈಗ ಈ ವ್ಯಾಪಾರದಲ್ಲಿ ದೊಡ್ಡ ಹೆಸರಾದ ಕಾನ್‌ರಾಡ್ ಥಾಂಪ್ಸನ್ ಮೂಲತಃ ಅಲಬಾಮಾದಲ್ಲಿ ಮನೆ ಸಾಲ ಕೊಡಿಸುವ ಆಸಾಮಿ. ಪ್ರಶ್ನೆ ಕೇಳುವ ರೀತಿಯೂ ಹಾಗೇ ಇದೆ, ಹಳೆಯ ದಾಖಲೆ ತೆರೆದಿಟ್ಟುಕೊಂಡು "ಆ ತಾರೀಕು ಹೀಗೆ ಬರೆದಿದ್ದಾರಲ್ಲ, ನೀವು ಬೇರೆ ಹೇಳ್ತಿದ್ದೀರಿ?" ಅಂತ. ನನಗೆ ಅವನು ಇಷ್ಟ.

ಈ ವಿಡಿಯೋಗಳ ಕೆಳಗೆ ನಮ್ಮ ಹುಡುಗರು "ಕೊನೆಗೂ ಸತ್ಯ ಹೊರಬಂತು" ಅಂತ ಬರೆಯುವುದು ಕಂಡಾಗಲೆಲ್ಲ ಆ ಹಿಂದಿನ ಬೆಂಚಿನವನ ನೆನಪಾಗುತ್ತದೆ. ಮೂವತ್ತು ವರ್ಷ ಜನರನ್ನು ನಂಬಿಸುವುದನ್ನೇ ಕಸುಬು ಮಾಡಿಕೊಂಡವನು, ಎದುರಿಗೊಂದು ಮೈಕು ಇಟ್ಟ ತಕ್ಷಣ ಹರಿಶ್ಚಂದ್ರ ಆಗಿಬಿಡುತ್ತಾನಾ?

ಹೋಗನ್‌ನನ್ನೇ ತೆಗೆದುಕೊಳ್ಳಿ. 1987ರ ಮಾರ್ಚ್ 29, ಪಾಂಟಿಯಾಕ್ ಸಿಲ್ವರ್‌ಡೋಮ್, ಆಂಡ್ರೆ ದಿ ಜೈಂಟ್‌ನನ್ನು ಎತ್ತಿ ಒಗೆದದ್ದು ಅವನ ಜೀವನದ ದೊಡ್ಡ ಗಳಿಗೆ. ಅವನ ಸಂದರ್ಶನಗಳನ್ನು ಸಾಲಾಗಿ ಕೇಳುತ್ತಾ ಹೋದರೆ ಆಂಡ್ರೆಯ ತೂಕ ವರ್ಷದಿಂದ ವರ್ಷಕ್ಕೆ ಏರುತ್ತಾ ಹೋಗುತ್ತದೆ. ಸತ್ತ ಮೇಲೂ ದಪ್ಪವಾಗುತ್ತಾ ಹೋದ ಮನುಷ್ಯ ಬಹುಶಃ ಆಂಡ್ರೆ ಒಬ್ಬನೇ. ಆ ಕುಸ್ತಿಯಾಗಿ ಕೆಲವೇ ದಿನಕ್ಕೆ ಆಂಡ್ರೆ ತೀರಿಕೊಂಡ ಅಂತಲೂ ಹೋಗನ್ ಹೇಳಿದ್ದುಂಟು. ಆಂಡ್ರೆ ಸತ್ತದ್ದು 1993ರ ಜನವರಿಯಲ್ಲಿ. ಕಂಪನಿ ಘೋಷಿಸಿದ 93,173 ಪ್ರೇಕ್ಷಕರ ಲೆಕ್ಕವೇ ಇವತ್ತಿಗೂ ವಿವಾದ. ಎಲ್ಲಕ್ಕಿಂತ ನನಗಿಷ್ಟವಾದದ್ದು, ಜಪಾನಿಗೆ ಹೋಗಿಬರುವಾಗ ದಿನಾಂಕ ರೇಖೆ ದಾಟಿ ದಾಟಿ ತಾನು ವರ್ಷಕ್ಕೆ 400 ದಿನ ಕುಸ್ತಿ ಆಡುತ್ತಿದ್ದೆ ಅಂದದ್ದು. ನಗಬೇಡಿ. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದೆ ಹೇಳುತ್ತಾನೆ. ಕೇಳುವವನು ಕೈಬೆರಳಲ್ಲಿ ಲೆಕ್ಕ ಹಾಕುವಷ್ಟರಲ್ಲಿ ಮುಂದಿನ ಕಥೆಗೆ ದಾಟಿರುತ್ತಾನೆ. ಅದು ಕಲೆ.

ಆದರೆ ನನ್ನ ಚಟಕ್ಕೆ ನಿಜವಾದ ಮೇವು ಮಾಂಟ್ರಿಯಲ್. 1997ರ ನವೆಂಬರ್ 9. ಕೆನಡಾದ ಮನೆಮಗ ಬ್ರೆಟ್ ಹಾರ್ಟ್ ಚಾಂಪಿಯನ್. ಎದುರಾಳಿ ಕಂಪನಿ ಡಬ್ಲ್ಯೂಸಿಡಬ್ಲ್ಯೂಗೆ ಹೋಗಲು ಸಹಿ ಹಾಕಿಯಾಗಿದೆ. ಹೋಗುವ ಮುಂಚೆ ಬೆಲ್ಟ್ ಬಿಟ್ಟುಕೊಡಬೇಕು, ಆದರೆ ತನ್ನ ನೆಲದಲ್ಲಿ, ತನಗೆ ಆಗದ ಶಾನ್ ಮೈಕಲ್ಸ್‌ಗೆ ಸೋಲಲಾರೆ ಅಂತ ಹಟ. ಕೊನೆಯ ದಿನಗಳಲ್ಲಿ ತನ್ನ ಪಾತ್ರದ ಬಗ್ಗೆ ಮಾತಾಡುವ ಹಕ್ಕು ಅವನ ಕರಾರಿನಲ್ಲೇ ಇತ್ತು. ಸೋಲು ಗೆಲುವು ಯಾರಿಗೂ ಬೇಡ, ಗದ್ದಲದಲ್ಲಿ ಮುಗಿಸೋಣ ಅಂತ ಒಪ್ಪಂದವಾಯಿತು. ರಿಂಗ್‌ನಲ್ಲಿ ಶಾನ್ ಬ್ರೆಟ್‌ನದೇ ಪಟ್ಟು ಶಾರ್ಪ್‌ಶೂಟರ್ ಹಾಕಿದ. ಬ್ರೆಟ್ ಸೋಲೊಪ್ಪಲಿಲ್ಲ. ಆದರೂ ರೆಫರಿ ಅರ್ಲ್ ಹೆಬ್ನರ್ ಸನ್ನೆ ಮಾಡಿದ, ರಿಂಗ್ ಪಕ್ಕದಲ್ಲೇ ನಿಂತಿದ್ದ ವಿನ್ಸ್ ಗಂಟೆ ಬಾರಿಸಿ ಅಂತ ಅರಚಿದ, ಮುಗಿಯಿತು. ಬ್ರೆಟ್ ಅಲ್ಲಿಂದಲೇ ವಿನ್ಸ್ ಮುಖಕ್ಕೆ ಉಗಿದ. ಆಮೇಲೆ ಡ್ರೆಸ್ಸಿಂಗ್ ರೂಮಿನಲ್ಲಿ ಒಂದು ಗುದ್ದು.

ಇಷ್ಟಕ್ಕೆ ಸುಮಾರು ಮೂರು ದಶಕದ ಸಂದರ್ಶನ! ತನಗೇನೂ ಗೊತ್ತಿರಲಿಲ್ಲ ಅಂತ ಶಾನ್ ಅವತ್ತೇ ಬ್ರೆಟ್ ಮುಂದೆ ದೇವರಾಣೆ ಇಟ್ಟ. ವರ್ಷಗಟ್ಟಲೆ ಅದನ್ನೇ ಹೇಳಿ, ಆಮೇಲೆ ಗೊತ್ತಿತ್ತು ಅಂತ ಒಪ್ಪಿಕೊಂಡ. ಆಗ ಕಂಪನಿಗೆ ಕಥೆ ಹೆಣೆಯುತ್ತಿದ್ದ ಜಿಮ್ ಕಾರ್ನೆಟ್ ಮತ್ತು ವಿನ್ಸ್ ರೂಸೊ, ಒಬ್ಬರ ನೆರಳು ಇನ್ನೊಬ್ಬರಿಗೆ ಆಗದು, ಆದರೆ ಐಡಿಯಾ ತನ್ನದು ಅನ್ನುವುದರಲ್ಲಿ ಇಬ್ಬರದೂ ಪೈಪೋಟಿ. ಮೋಸಕ್ಕೆ ಇಷ್ಟು ಜನ ವಾರಸುದಾರರು ನಾನು ಬೇರೆಲ್ಲೂ ಕಂಡಿಲ್ಲ. ಇಷ್ಟೂ ಬ್ರೆಟ್ ಸೇರಿಯೇ ಆಡಿದ ನಾಟಕ ಅನ್ನುವವರೂ ಇದ್ದಾರೆ. 2011ರಲ್ಲಿ ಬ್ರೆಟ್ ಮತ್ತು ಶಾನ್‌ನನ್ನು ಅಕ್ಕಪಕ್ಕ ಕೂರಿಸಿ ಕಾಮೆಂಟರಿಯ ಜಿಮ್ ರಾಸ್ ಮಾತಾಡಿಸಿದ್ದು ಈ ಜಾತಿಯ ಸಂದರ್ಶನಗಳಲ್ಲೇ ನನಗೆ ಅತ್ಯಂತ ಇಷ್ಟವಾದದ್ದು. ಮಾತಿಗಿಂತ ಮಧ್ಯದ ಮೌನ ನೋಡಬೇಕು.

ಇಲ್ಲಿ ಎರಡು ವಿಷಯ ಗಮನಿಸಿ. ಒಂದು, ಇಷ್ಟೆಲ್ಲ ಬಾಯಿಮಾತಿನ ನಡುವೆ ಅಲುಗಾಡದೆ ನಿಂತಿರುವ ಸಾಕ್ಷಿ ಸಂದರ್ಶನದ್ದಲ್ಲ. ಆಗ ಬ್ರೆಟ್ ಮೇಲೆ ಸಾಕ್ಷ್ಯಚಿತ್ರ ತೆಗೆಯುತ್ತಿದ್ದರು. ಅವತ್ತು ಮಧ್ಯಾಹ್ನ ವಿನ್ಸ್ ಜೊತೆ ಮಾತಾಡುವಾಗ ಬ್ರೆಟ್ ಮೈಮೇಲೆ ಮೈಕು ಇತ್ತು. ವಿನ್ಸ್ ಒಪ್ಪಿದ ಮಾತು ಟೇಪಿನಲ್ಲಿ ಉಳಿಯಿತು. ಎರಡು, ಗಲಾಟೆಯಾದ ಮುಂದಿನ ವಾರವೇ ವಿನ್ಸ್ ಟೀವಿಯಲ್ಲಿ ಕೂತು ಬಲು ಗಂಭೀರವಾಗಿ ಸಂದರ್ಶನ ಕೊಟ್ಟ. ಬ್ರೆಟ್‌ಗೆ ಮೋಸ ಮಾಡಿದ್ದು ಬ್ರೆಟ್ಟೇ ಅಂದ. ಜನ ರೊಚ್ಚಿಗೆದ್ದರು. ಆ ರೊಚ್ಚಿನಿಂದಲೇ ದುಷ್ಟ ಮಾಲೀಕ 'ಮಿಸ್ಟರ್ ಮೆಕ್‌ಮಹನ್' ಎಂಬ ಪಾತ್ರ ಹುಟ್ಟಿ, ಪೈಲ್ವಾನ ಸ್ಟೋನ್ ಕೋಲ್ಡ್ ಆಸ್ಟಿನ್‌ನಿಂದ ಒದೆ ತಿಂದು ತಿಂದು ಕಂಪನಿಗೆ ಕೋಟಿಗಟ್ಟಲೆ ಗಳಿಸಿಕೊಟ್ಟಿತು. ಮುಚ್ಚುಮರೆಯಿಲ್ಲದ ಸಂದರ್ಶನ ಅಂತ ಕೊಟ್ಟದ್ದು ಮುಂದಿನ ನಾಟಕದ ಮೊದಲ ದೃಶ್ಯವಾಗಿತ್ತು!

ಹಾಗಾದರೆ ಎಲ್ಲ ಬುರುಡೆಯಾ? ಅಲ್ಲ. ನನ್ನ ಅಂದಾಜು ಇಷ್ಟು: ಯಾರು ಯಾರನ್ನು ಹೊಡೆದರು, ಯಾರ ಐಡಿಯಾ, ಎಷ್ಟು ಜನ ಸೇರಿದ್ದರು ಅನ್ನುವಲ್ಲಿ ಅರ್ಧಕ್ಕರ್ಧ ಕಡಿತ ಮಾಡಿ ಕೇಳಿ. ದುಡ್ಡು ಮತ್ತು ಮೈನೋವಿನ ಮಾತು ಬಂದಾಗ ಕಿವಿಗೊಡಿ.

ದುಡ್ಡಿನ ಮಾತಿಗೆ ಜೆಸ್ಸಿ ವೆಂಚುರಾ. ಮುಂದೆ ಮಿನೆಸೋಟ ರಾಜ್ಯದ ಗವರ್ನರ್ ಆದವನು. 1986ರಲ್ಲಿ, ಕಂಪನಿಯ ವರ್ಷದ ದೊಡ್ಡ ಜಾತ್ರೆ ರೆಸಲ್‌ಮೇನಿಯಾದ ಎರಡನೇ ಆವೃತ್ತಿಗೆ ಮುಂಚೆ, ಡ್ರೆಸ್ಸಿಂಗ್ ರೂಮಿನಲ್ಲಿ ಎದ್ದು ನಿಂತು, ನಮಗೊಂದು ಸಂಘ ಬೇಕು ಅಂದ. ಕೆಲವೇ ಗಂಟೆಗಳಲ್ಲಿ ಸುದ್ದಿ ವಿನ್ಸ್ ಕಿವಿಗೆ. ಹೇಳಿದ್ದು ಯಾರು? ವರ್ಷಗಟ್ಟಲೆ ಗೊತ್ತಾಗಲಿಲ್ಲ. ಆಮೇಲೆ ವೆಂಚುರಾ ತನ್ನ ಕಾಮೆಂಟರಿ ಇರುವ ವಿಡಿಯೋ ಕ್ಯಾಸೆಟ್‌ಗಳ ರಾಯಲ್ಟಿಗಾಗಿ ಕಂಪನಿ ಮೇಲೆ ಕೇಸು ಹಾಕಿ, 1994ರಲ್ಲಿ ಎಂಟು ಲಕ್ಷ ಡಾಲರ್‌ಗೂ ಮೇಲೆ ಗೆದ್ದ. ಆ ಕೇಸಿನಲ್ಲಿ ಪ್ರಮಾಣ ಮಾಡಿ ಹೇಳಿಕೆ ಕೊಡುವಾಗ ವಿನ್ಸ್ ಬಾಯಿಂದ ಹೆಸರು ಬಂತು: ಹಲ್ಕ್ ಹೋಗನ್. ಗೆಳೆಯ ಅಂದುಕೊಂಡಿದ್ದವನು. ಅದನ್ನು ಹೇಳುವಾಗ ವೆಂಚುರಾನ ಆ ದೊಡ್ಡ ಗಂಟಲು ಇಳಿಯುವುದನ್ನು ಗಮನಿಸಿ. ಈ ಕುಸ್ತಿಪಟುಗಳು ಕಾಗದದ ಮೇಲೆ ನೌಕರರೇ ಅಲ್ಲ, 'ಸ್ವತಂತ್ರ ಗುತ್ತಿಗೆದಾರರು'. ಕಂಪನಿಯ ಕಡೆಯಿಂದ ಆರೋಗ್ಯ ವಿಮೆಯಿಲ್ಲ, ಪಿಂಚಣಿಯಿಲ್ಲ. ಸೊಂಟ ಹೋದ ಮೇಲೆ ಕ್ಯಾಮೆರಾ ಮುಂದೆ ಕೂತು ಹಳೆಯದನ್ನು ಕಥೆ ಮಾಡಿ ಮಾರುವುದೂ ಹೊಟ್ಟೆಪಾಡೇ. ಹಾಗಾಗಿ ಶೇಕ್‌ನ ಬೈಗುಳಕ್ಕೂ ನಾನು ಅಷ್ಟಾಗಿ ನಗಲಾರೆ.

ಮೈನೋವು ಇನ್ನೊಂದು ಲೋಕ. 1998ರ ಜೂನ್ 28, ಪಿಟ್ಸ್‌ಬರ್ಗ್. ಹದಿನಾರು ಅಡಿ ಪಂಜರದ ಮೇಲಿಂದ ಅಂಡರ್‌ಟೇಕರ್ ಮ್ಯಾನ್‌ಕೈಂಡ್‌ನನ್ನು ಕೆಳಗೆ ಎಸೆದದ್ದು ನೆನಪಿದೆಯಲ್ಲ? ಆ ಬೀಳು ಮೊದಲೇ ಮಾತಾಡಿಕೊಂಡದ್ದು. ಎರಡನೆಯದು ಅಲ್ಲ. ಪಂಜರದ ಚಾವಣಿಯ ತುಂಡೇ ಕಿತ್ತುಕೊಂಡು ಬಂತು. ಮ್ಯಾನ್‌ಕೈಂಡ್ ಆಗಿದ್ದ ಮಿಕ್ ಫೋಲಿಗೆ ಆ ರಾತ್ರಿಯ ಎಷ್ಟೋ ಭಾಗ ನೆನಪೇ ಇಲ್ಲ. ಮುರಿದ ಪಾದದಲ್ಲೇ ಮೇಲೆ ನಿಂತಿದ್ದ ಅಂಡರ್‌ಟೇಕರ್, ಕೆಳಗೆ ಬಗ್ಗಿ ನೋಡಿ ಇವನು ಸತ್ತೇಹೋದ ಅಂದುಕೊಂಡೆ ಅನ್ನುತ್ತಾನೆ. ನಾವು ಮಾತ್ರ ಟೀವಿ ಮುಂದೆ ಸೋಫಾ ಮೇಲೆ ಹಾರುತ್ತಿದ್ದೆವು.

ಆ ಏಳು ಜೀವದವನು, ಅಂದರೆ ಮಾರ್ಕ್ ಕ್ಯಾಲವೇ, ಸುಮಾರು ಮೂವತ್ತು ವರ್ಷ ಪಾತ್ರ ಬಿಟ್ಟು ಮಾತಾಡಿದ್ದೇ ಅಪರೂಪ. 2019ರ ಕೊನೆಯಲ್ಲಿ ಆಸ್ಟಿನ್ ಎದುರು ಕೂತು ಮೊದಲ ಸಲ ನಿರಾಳವಾಗಿ ಮಾತಾಡಿದಾಗ ನನಗೆ ಏನೋ ಕಸಿವಿಸಿ. ಶವಪೆಟ್ಟಿಗೆಯಿಂದ ಎದ್ದುಬರುತ್ತಿದ್ದವನು ಟೆಕ್ಸಸ್ ಕಡೆಯ ಯಾವುದೋ ಸಾಧು ಚಿಕ್ಕಪ್ಪನ ಹಾಗೆ ನಗುತ್ತಿದ್ದಾನೆ! 2014ರ ಏಪ್ರಿಲ್ 6ರಂದು ನ್ಯೂ ಆರ್ಲಿಯನ್ಸ್‌ನಲ್ಲಿ, ರೆಸಲ್‌ಮೇನಿಯಾದಲ್ಲಿನ ಅವನ 21 ಗೆಲುವಿನ ಸರಪಳಿಯನ್ನು ಬ್ರಾಕ್ ಲೆಸ್ನರ್ ಕಡಿದ ರಾತ್ರಿಯ ಬಗ್ಗೆ ಕೇಳಿದರೆ, ತಲೆಗೆ ಪೆಟ್ಟಾಗಿ ಅವತ್ತಿನ ಮಧ್ಯಾಹ್ನದಾಚೆಗೆ ಏನೂ ನೆನಪಿಲ್ಲ ಅನ್ನುತ್ತಾನೆ. ಲೋಕವೆಲ್ಲ ಬಾಯಿಬಿಟ್ಟುಕೊಂಡು ನೋಡಿದ ಆ ಸೋಲಿನ ನೆನಪು ಸೋತವನ ಹತ್ತಿರವೇ ಇಲ್ಲ.

ಇದೆಲ್ಲ ತಲೆಯಲ್ಲಿಟ್ಟುಕೊಂಡು ಹೋದ ದಸರೆಗೆ ಊರಿಗೆ ಹೋದಾಗ ಉಸ್ತಾದರ ಮನೆಗೆ ಹೋದೆ. ಎಂಬತ್ತು ದಾಟಿದೆ, ಕಣ್ಣು ಮಂಜು, ಕೈ ಹಿಡಿತ ಮಾತ್ರ ಹಾಗೇ ಇದೆ. ನಂಜನಗೂಡು ಕಡೆಯ ಯಾವುದೋ ಜಾತ್ರೆಯಲ್ಲಿ ಬೆಳ್ಳಿ ಗದೆಗೆ ಆಡಿದ ಕುಸ್ತಿಯ ಮಾತು ಬಂತು. ಅವರೇ ದನಿ ತಗ್ಗಿಸಿ ಹೇಳಿದರು: "ಅವ್ನಿಗೆ ಮದ್ವೆ ಗೊತ್ತಾಗಿತ್ತು ಮಗಾ, ನಂಗೆ ಭುಜ ಸರಿ ಇರ್ಲಿಲ್ಲ. ಹಿಂದಿನ ರಾತ್ರಿನೇ ಕೂತು ಮಾತಾಡ್ಕೊಂಡ್ವಿ. ಇಪ್ಪತ್ತು ನಿಮಿಷ ಆಡೋದು, ಸಮ ಮಾಡ್ಕೊಂಡು ಎದ್ದೇಳೋದು. ಜನಕ್ಕೇನ್ ಗೊತ್ತಾಯ್ತದೆ?"

ನನಗೆ ರೋಮಾಂಚನ. "ಉಸ್ತಾದ್ರೆ, ಒಂದ್ನಿಮಿಷ, ಇದನ್ನ ರೆಕಾರ್ಡ್ ಮಾಡ್ಕೊಳ್ಲಾ?" ಅಂದೆ. ಮೊಬೈಲು ನೋಡಿದರು. ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ನೆಟ್ಟಗೆ ಕೂತರು. ನಾನು ಬಟನ್ ಒತ್ತಿ, ಈಗ ಹೇಳಿ ಅಂತ ಸನ್ನೆ ಮಾಡಿದೆ.

"ಎರಡೇ ನಿಮಿಷ," ಅಂದರು, ಮನೆಯೆಲ್ಲ ಮೊಳಗುವ ಗಂಟಲಲ್ಲಿ. "ಧೋಬಿ ಪಟ್ ಹಾಕಿ ಚಿತ್ ಮಾಡ್ಬುಟ್ಟೆ."